ಇಪ್ಪತ್ತನಾಲ್ಕು ಎಡತೋಳುಗಳು

ಆ ಹೊಲಿಗೆ ಅಂಗಡಿಯಲ್ಲಿ ಹದಿಮೂರು ಯಂತ್ರಗಳಿದ್ದವು, ಬಟ್ಟೆ ಕತ್ತರಿಸುವ ಮೇಜು ಒಂದೇ ಒಂದು. ಯಂತ್ರದ ಮುಂದೆ ಕೂತವರು ಟೈಲರುಗಳು, ಮೇಜಿನ ಮುಂದೆ ನಿಂತವರು ಮಾಸ್ಟರು. ಟೈಲರಿಗೆ ಸ್ಟೂಲು ಇತ್ತು, ಮಾಸ್ಟರಿಗೆ ಇರಲಿಲ್ಲ. ಆದರೂ ಕೂತವರು ಕತ್ತೆತ್ತಿ ನೋಡಿಯೇ ನಿಂತವರ ಜೊತೆ ಮಾತಾಡಬೇಕಿತ್ತು. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯುತ್ತಾರೆ, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಮಾಸ್ಟರ ಗತ್ತೆಲ್ಲ ಬಂದದ್ದು ಅಲ್ಲಿಂದ.

ಏಳನೇ ಯಂತ್ರದಲ್ಲಿ ಹದಿನಾರು ವರ್ಷ ಕೂತು, ಆಮೇಲೆ ಆರು ವರ್ಷದಿಂದ ಆ ಮೇಜಿನ ಮುಂದೆ ನಿಂತವಳನ್ನು ಎಲ್ಲರೂ ಗುಂಡುಸೂಜಿ ಎನ್ನುತ್ತಿದ್ದರು. ಕೆಲಸ ಮಾಡುವಾಗ ತುಟಿಗಳ ನಡುವೆ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡಿರುವುದು ಅವಳ ಅಭ್ಯಾಸ. ಹೆಸರು ಬಂದದ್ದು ಅದರಿಂದ ಅಂತ ಅವಳ ನಂಬಿಕೆ. ಸೂಜಿ ತೆಗೆದ ಮೇಲೂ ಅವಳ ಮಾತು ಚುಚ್ಚುತ್ತಿದ್ದರಿಂದ ಹೆಸರು ಗಟ್ಟಿಯಾಗಿ ನಿಂತಿತು ಅಂತ ಉಳಿದವರ ನಂಬಿಕೆ. ನಾನು ಉಳಿದವರ ಪಕ್ಷ.

ಅವಳು ಮೇಜಿಗೆ ಬಂದದ್ದು ಕದ್ದುಮುಚ್ಚಿ. ಮೊದಲು ಅಲ್ಲಿದ್ದದ್ದು ಒಬ್ಬ ಹಳೆಯ ಮಾಸ್ಟರು. ಗಿರಾಕಿ ಬಾಗಿಲಲ್ಲಿ ಕಾಣಿಸಿಕೊಂಡರೆ ಸಾಕು, ಟೇಪು ಹಿಡಿಯುವ ಮೊದಲೇ ಸೊಂಟದ ಅಳತೆ ಹೇಳುತ್ತಿದ್ದ ಮನುಷ್ಯ. ಅವರ ಕಣ್ಣು ಮಂಜಾಗುತ್ತ ಬಂತು. ಒಂದು ದಿನ ಗೆರೆ ಒಂದು ಕಡೆ, ಕತ್ತರಿ ಇನ್ನೊಂದು ಕಡೆ ಹೋಯಿತು. ಅವರು ಅತ್ತಿತ್ತ ನೋಡಿ, ಹತ್ತಿರದ ಏಳನೇ ಯಂತ್ರದವಳನ್ನು ಕರೆದು ಮೆಲ್ಲಗೆ ಹೇಳಿದರು: "ನೀನು ಕತ್ತರಿಸು. ನಾನು ಪಕ್ಕದಲ್ಲಿ ನಿಂತಿರ್ತೀನಿ. ಯಾರಾದ್ರೂ ಕೇಳಿದ್ರೆ ಕೈನೋವು ಅನ್ನೋಣ."

ಆ ಕೈನೋವು ಆರು ವರ್ಷ ವಾಸಿಯಾಗಲಿಲ್ಲ. ಗೆರೆ ಎಳೆದವಳು ಅವಳು, ಕತ್ತರಿ ಓಡಿಸಿದವಳು ಅವಳು, ತುಂಡುಗಳನ್ನು ಕಟ್ಟು ಕಟ್ಟಿ ಮೇಲೆ ಚೀಟಿ ಬರೆದವಳೂ ಅವಳೇ. ಚೀಟಿಯ ಮೂಲೆಯಲ್ಲಿ ಕತ್ತರಿಸಿದವರ ಗುರುತು ಹಾಕುವುದು ಅಂಗಡಿಯ ಪದ್ಧತಿ. ಅಲ್ಲಿ ಮಾತ್ರ ಹಳೆಯ ಮಾಸ್ಟರು ಪೆನ್ನು ಇಸಿದುಕೊಂಡು ಒಂದು ಸೊನ್ನೆ ಬರೆದು, ಒಳಗೊಂದು ಚುಕ್ಕಿ ಇಡುತ್ತಿದ್ದರು. ಕೆಲಸ ಮುಗಿದ ಚೀಟಿಗಳನ್ನು ಗೋಡೆಯ ಕಬ್ಬಿಣದ ಕಂಬಿಗೆ ಚುಚ್ಚುತ್ತಿದ್ದರು. ಕಂಬಿ ತುಂಬ ಸೊನ್ನೆಗಳು. ಯಂತ್ರದ ಹೆಂಗಸರಿಗೆಲ್ಲ ವಿಷಯ ಗೊತ್ತಿತ್ತು. ಓನರಿಗೆ ಗೊತ್ತಿದ್ದೂ ಗೊತ್ತಿಲ್ಲದಂತಿರುವುದು ಅನುಕೂಲವಾಗಿತ್ತು. ಮಾಸ್ಟರು ಮಾಸ್ಟರಾಗಿ, ಗುಂಡುಸೂಜಿ "ಏನಮ್ಮಾ, ಇಲ್ಲಿ ಬಾ" ಆಗಿಯೇ ಉಳಿದರು.

ಈ ಮಾಸ್ಟರ್ ಎಂಬ ಇಂಗ್ಲಿಷ್ ಪದದ ಸಂಗತಿಯೇ ವಿಚಿತ್ರ. ಅದು ಹಡಗು ಹತ್ತಿ ಬಂದು ಎಷ್ಟು ಕಾಲವಾಯಿತೋ, ಬಂದದ್ದು ಮಾತ್ರ ಸುಮ್ಮನೆ ಕೂರಲಿಲ್ಲ. ಪಾಠ ಹೇಳುವವರ ಜೊತೆ ಸೇರಿ ಮೇಷ್ಟ್ರು ಆಯಿತು, ಕೆಲವರ ಬಾಯಲ್ಲಿ ಮಾಸ್ತರು. ರೈಲು ನಿಲ್ದಾಣಕ್ಕೆ ಹೋಗಿ ಬಾವುಟ ಹಿಡಿಯಿತು, ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿತು. ಚಹಾದಂಗಡಿಯಲ್ಲಿ ಹಾಲಿನ ಧಾರೆ ಮಾರುದ್ದ ಎಳೆಯುವವನೂ ಮಾಸ್ಟರೇ, ಕುಣಿತ ಕಲಿಸುವವನೂ ಮಾಸ್ಟರೇ. ಲಾಡ್ಜಿನಲ್ಲಿ ಎಲ್ಲ ಕೋಣೆ ತೆರೆಯುವ ಒಂದು ತುಂಡು ಕೀಲಿಗೂ ಆ ಬಿರುದು ಸಿಕ್ಕಿತು. ಇನ್ನು ಹುಟ್ಟುಹಬ್ಬದ ಕರೆಯೋಲೆ ನೋಡಿ: ಹಲ್ಲು ಮೂಡದ ಗಂಡುಮಗುವಿನ ಹೆಸರಿನ ಹಿಂದೆ ಠೀವಿಯಿಂದ ಮಾಸ್ಟರ್ ಅಂತ ಅಚ್ಚು ಹಾಕಿಸಿರುತ್ತಾರೆ. ಜೊಲ್ಲು ಸುರಿಸುವ ಕೂಸಿಗೆ ಸಿಕ್ಕ ಪದ, ಇಪ್ಪತ್ತೆರಡು ವರ್ಷ ಬಟ್ಟೆಯಲ್ಲೇ ಬದುಕಿದ ಹೆಂಗಸಿಗೆ ಸಿಗಲಿಲ್ಲ. ಇದನ್ನು ನೆನೆದರೆ ನನಗೇ ಮೈ ಉರಿಯುತ್ತದೆ, ಅವಳಿಗೆ ಹೇಗಾಗಿರಬೇಕು.

ಒಂದು ಸೋಮವಾರ ಓನರು ಗಾಜಿನ ಕೋಣೆಯಿಂದ ಹೊರಗೆ ಬಂದು ಗಂಟಲು ಸರಿ ಮಾಡಿಕೊಂಡರು. ಹಳೆಯ ಮಾಸ್ಟರು ಈ ವಾರ ಮುಗಿಸಿ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ, ಬರುವ ಸೋಮವಾರ ಹೊಸ ಕಟಿಂಗ್ ಮಾಸ್ಟರು ಬರುತ್ತಾರೆ ಎಂದರು. ಆಮೇಲೆ ಗುಂಡುಸೂಜಿಯ ಕಡೆ ತಿರುಗಿ, ಉಪಕಾರ ಮಾಡುವವರ ದನಿಯಲ್ಲಿ ಹೇಳಿದರು:

"ನೀನೇನೂ ಯೋಚನೆ ಮಾಡ್ಬೇಡಮ್ಮಾ. ಏಳನೇ ಯಂತ್ರ ನಿನಗೇ ಇದೆ. ಹಾಯಾಗಿ ಕೂತು ಹೊಲಿ."

"ಮೇಜಿನ ಕೆಲಸ ನಾನೇ ಮಾಡ್ತಿದೀನಲ್ಲ ಸಾರ್," ಎಂದಳು, ಸೂಜಿ ತೆಗೆಯದೆ, ಹಲ್ಲಿನ ಸಂದಿಯಿಂದ.

"ಮಾಡ್ತಿದೀಯ, ಇಲ್ಲ ಅಂದವರು ಯಾರು. ಆದ್ರೆ ಅದಕ್ಕೊಬ್ಬ ಮಾಸ್ಟರು ಅಂತ ಬೇಕಲ್ಲಮ್ಮಾ. ಗಿರಾಕಿ ಬಂದು ಮಾಸ್ಟರನ್ನ ಕರೀರಿ ಅಂದ್ರೆ ನಿನ್ನನ್ನ ಕರೆಯೋಕಾಗುತ್ತಾ?"

ಯಾಕಾಗುವುದಿಲ್ಲ ಅಂತ ಅವಳು ಕೇಳುವಷ್ಟರಲ್ಲಿ ಗಾಜಿನ ಬಾಗಿಲು ಮುಚ್ಚಿಕೊಂಡಿತು. ಹಳೆಯ ಮಾಸ್ಟರು ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಗೋಡೆ ನೋಡುತ್ತಿದ್ದರು. ಇವಳ ಪರವಾಗಿ ಅವರು ಒಂದು ಮಾತಾಡಬಹುದಿತ್ತು, ಆಡಲಿಲ್ಲ.

ಸಂಜೆ ಮನೆಗೆ ಹೋದವಳು ಚೀಲವನ್ನು ಮೂಲೆಗೆ ಎಸೆದ ರೀತಿಯಲ್ಲೇ ಮನೆಯವರಿಗೆ ಹವಾಮಾನ ಗೊತ್ತಾಯಿತು. ಗಂಡ ನೀರಿನ ಮೀಟರು ಓದುವ ಕೆಲಸದವನು. ಊರಿನ ಮೀಟರುಗಳನ್ನೆಲ್ಲ ಓದುತ್ತಿದ್ದ, ಹೆಂಡತಿಯ ಮುಖ ಓದುವ ಧೈರ್ಯ ಮಾತ್ರ ಮಾಡುತ್ತಿರಲಿಲ್ಲ. ಅವನು ಪತ್ರಿಕೆಯ ಹಿಂದೆ ಅಡಗಿದ. ಅತ್ತೆ ನೇರವಾಗಿ ಕೇಳಿದರು, ಇವಳು ನೇರವಾಗಿ ಹೇಳಿದಳು.

ಕಾಲೇಜಿಗೆ ಹೋಗುವ ಮಗಳು ದಪ್ಪ ನಿಘಂಟು ತೆಗೆದು ಮೊಣಕಾಲ ಮೇಲಿಟ್ಟುಕೊಂಡಳು. "ಅದೇನು ಅಷ್ಟು ದೊಡ್ಡ ಪದ ಅಂತ ನೋಡೇಬಿಡೋಣ ಇರಮ್ಮ."

ಅವಳು ಒಂದೊಂದಾಗಿ ಓದಿದಳು. ಮನೆಯ ಯಜಮಾನ. ಆಳುಗಳ ಒಡೆಯ. ಹಡಗಿನ ನಾಯಕ. ಉಪಾಧ್ಯಾಯ. ನಾಯಿ ಸಾಕಿದವನು. ಎಳೆಯ ಹುಡುಗ. ನಕಲು ತೆಗೆಯಲು ಇಟ್ಟುಕೊಂಡ ಮೂಲಪ್ರತಿ. ಪಟ್ಟಿ ಮುಂದಿನ ಪುಟಕ್ಕೂ ಹೋಗಿತ್ತು. "ಇಲ್ಲಿ ಕೇಳಮ್ಮ: ಒಂದು ಕಸುಬನ್ನು ಪೂರ್ತಿ ಕಲಿತು, ಬೇರೆಯವರಿಗೆ ಕಲಿಸುವ ಯೋಗ್ಯತೆ ಪಡೆದವನು."

"ಪಡೆದವನು," ಎಂದರು ಅತ್ತೆ. "ಎಲ್ಲಾ ಅವನೇ. ಹಡಗಿನವನು, ನಾಯಿಯವನು. ಹೆಂಗಸಿಗೆ ಏನೂ ಇಲ್ವೇನೇ?"

"ಹೆಂಗಸಿಗೆ ಬೇರೆ ಪದ ಇದೆ ಅಜ್ಜಿ. ಮಿಸ್ಟ್ರೆಸ್." ಮಗಳು ಪುಟ ತಿರುಗಿಸಿ ಎರಡು ಅರ್ಥ ಗಟ್ಟಿಯಾಗಿ ಓದಿದಳು, ಮನೆಯೊಡತಿ, ಉಪಾಧ್ಯಾಯಿನಿ. ಮೂರನೆಯದನ್ನು ಮನಸ್ಸಿನಲ್ಲೇ ಓದಿಕೊಂಡು ಮುಖ ಕೆಂಪಗಾಗಿ ನಿಘಂಟು ಮುಚ್ಚಿದಳು. ಪತ್ರಿಕೆಯ ಹಿಂದೆ ಗಂಡ ಕೆಮ್ಮಿದ. ಅವನಿಗೆ ಆ ಅರ್ಥ ಹೇಗೆ ಗೊತ್ತಿತ್ತು ಎಂಬುದು ಬೇರೆ ವಿಚಾರಣೆ.

"ಅದನ್ನ ಇಂಗ್ಲಿಷಿನವರೇ ಇಟ್ಕೊಳ್ಳಲಿ," ಎಂದಳು ಗುಂಡುಸೂಜಿ. "ನನಗೆ ಆ ಬೇರೆ ಪದ ಬೇಡ. ಮೇಜಿಗೆ ಒಂದೇ ಪದ ಇರೋದು. ಮೇಜು ನಂದು, ಪದಾನೂ ನಂದು. ಏಳನೇ ಯಂತ್ರಕ್ಕೆ ನಾನು ವಾಪಸ್ ಹೋಗಲ್ಲ."

ಹೇಳುವುದು ಸುಲಭ. ಮಂಗಳವಾರ ಬೆಳಿಗ್ಗೆ ಅವಳು ಅದೇ ಸಿಟ್ಟನ್ನು ಹೊತ್ತು ಮೇಜಿನ ಮುಂದೆ ನಿಂತಳು. ಅವತ್ತಿನ ಕೆಲಸ ಊರಿನ ವಾದ್ಯದವರ ಕೋಟುಗಳು, ಇಪ್ಪತ್ತನಾಲ್ಕು. ಭಾನುವಾರ ಹೊಸ ಸೇತುವೆಯ ಉದ್ಘಾಟನೆಗೆ ಅವರು ಹಾಕಿಕೊಳ್ಳಬೇಕು. ಬಟ್ಟೆ ಕೆಂಪು ಮಖಮಲ್ಲು. ಹಳೆಯ ಮಾಸ್ಟರು ದೂರದ ಸ್ಟೂಲಿನಲ್ಲಿ ಮುಖ ಗಂಟಿಕ್ಕಿ ಕೂತಿದ್ದರು. ಇವಳು ಅವರನ್ನು ಕರೆಯಲಿಲ್ಲ.

ತೋಳಿನ ತುಂಡು ಭುಜದ ಕಡೆ ಅಗಲ, ಮಣಿಕಟ್ಟಿನ ಕಡೆ ಕಿರಿದು. ಒಂದನ್ನು ನೆಟ್ಟಗೆ, ಪಕ್ಕದ್ದನ್ನು ತಲೆಕೆಳಗಾಗಿ ಇಟ್ಟರೆ ಬಟ್ಟೆ ಉಳಿಯುತ್ತದೆ. ವರ್ಷಗಟ್ಟಲೆ ಕಚೇರಿಯವರ, ಶಾಲೆಯವರ ಬಟ್ಟೆಗಳನ್ನು ಅವಳು ಕತ್ತರಿಸಿದ್ದು ಹಾಗೆಯೇ. ಆದರೆ ಮಖಮಲ್ಲಿಗೆ ಮೈತುಂಬ ಸಣ್ಣ ಕೂದಲಿರುತ್ತದೆ. ಅದು ಒಂದೇ ದಿಕ್ಕಿಗೆ ಮಲಗಿರುತ್ತದೆ. ತುಂಡನ್ನು ತಿರುಗಿಸಿಟ್ಟರೆ ಬೆಳಕು ಬಿದ್ದಾಗ ಬಣ್ಣವೇ ಬೇರೆಯಾಗಿ ಕಾಣುತ್ತದೆ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ, ತಲೆಯೊಳಗೆ ಓನರ ಜೊತೆ ಜಗಳವಾಡುತ್ತ, ಕೈಯನ್ನು ಅಭ್ಯಾಸಕ್ಕೆ ಬಿಟ್ಟಳು. ಪದರ ಪದರವಾಗಿ ಹಾಸಿದ ಬಟ್ಟೆಯ ಮೇಲೆ ಬಲತೋಳು ನೆಟ್ಟಗೆ, ಎಡತೋಳು ತಲೆಕೆಳಗೆ. ಕತ್ತರಿ ಒಮ್ಮೆ ಓಡಿದರೆ ಅಷ್ಟೂ ಪದರ ತುಂಡಾಗುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಮಲಗಿದ್ದ ತುಂಡುಗಳೆಲ್ಲ ಒಂದೇ ಕೆಂಪಾಗಿ ಕಂಡವು. ಚೀಟಿ ಬರೆದಳು, ಹಳೆಯ ಮಾಸ್ಟರು ಬಂದು ಸೊನ್ನೆ ಹಾಕಿ ಹೋದರು.

ಗುರುವಾರ ಮಧ್ಯಾಹ್ನ ಬ್ಯಾಂಡ್ ಮಾಸ್ಟರು ನಾಲ್ಕು ಜನ ವಾದ್ಯದವರನ್ನು ಕರೆದುಕೊಂಡು ಬಂದರು. ದಪ್ಪ ಮೀಸೆ, ಕಡಿಮೆ ಮಾತು. ನಾಲ್ವರೂ ಕೋಟು ತೊಟ್ಟು ಅಂಗಡಿಯ ಮುಂದಿನ ಬಿಸಿಲಿಗೆ ಹೋಗಿ ಸಾಲಾಗಿ ನಿಂತರು. ನಾಲ್ಕು ಕೋಟುಗಳ ಮೈ ತಿಳಿಗೆಂಪು, ಬಲತೋಳು ತಿಳಿಗೆಂಪು, ಎಡತೋಳು ಮಾತ್ರ ಕಡುಗೆಂಪು. ನಾಲ್ವರೂ ಎಡಗೈಯನ್ನು ಬಣ್ಣದ ಡಬ್ಬಿಯೊಳಗೆ ಅದ್ದಿ ಬಂದಂತಿದ್ದರು.

ನೋಡಿದ ಕ್ಷಣಕ್ಕೇ ಗುಂಡುಸೂಜಿಗೆ ತಪ್ಪು ಏನು, ಯಾವಾಗ ಆಯಿತು, ಎಷ್ಟು ಕೋಟುಗಳಲ್ಲಿದೆ, ಎಲ್ಲ ತಿಳಿಯಿತು. ನಾಚಿಕೆಯಾಯಿತು. ಆರು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ. ಆಗಬಾರದ ವಾರದಲ್ಲೇ ಆಯಿತಲ್ಲ ಅಂತ ತನ್ನನ್ನೇ ಬೈದುಕೊಂಡಳು.

ಓನರು ಕಂಬಿಯಿಂದ ಚೀಟಿ ಕಿತ್ತು ನೋಡಿದರು. "ಏನ್ ಮಾಸ್ಟರೇ ಇದು? ನಿಮ್ಮ ಗುರುತಿದೆ."

ಹಳೆಯ ಮಾಸ್ಟರ ಮುಖ ಬಿಳಿಚಿತು. ನಲವತ್ತು ವರ್ಷದ ಹೆಸರು, ಇನ್ನೆರಡು ದಿನ ಉಳಿಸಿಕೊಂಡಿದ್ದರೆ ಸಾಕಿತ್ತು. "ಇದು ನಾನು ಕತ್ತರಿಸಿದ್ದಲ್ಲ," ಎಂದರು. ಬೆರಳು ತಾನಾಗಿಯೇ ಗುಂಡುಸೂಜಿಯ ಕಡೆ ಎದ್ದಿತು. "ಇವಳು ಕತ್ತರಿಸಿದ್ದು."

ಓಡುತ್ತಿದ್ದ ಹನ್ನೆರಡು ಯಂತ್ರಗಳೂ ನಿಂತವು. ಆರು ವರ್ಷದಲ್ಲಿ ಆ ಮಾತನ್ನು ಹಳೆಯ ಮಾಸ್ಟರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಾವಿರ ಸರಿಗಳಿಗೆ ಬರದ ಅವಳ ಹೆಸರು ಒಂದು ತಪ್ಪಿಗೆ ಓಡೋಡಿ ಬಂತು.

ಓನರು ಲೆಕ್ಕಾಚಾರದ ಮನುಷ್ಯ. ಬ್ಯಾಂಡ್ ಮಾಸ್ಟರ ಕಡೆ ತಿರುಗಿ ನಕ್ಕರು. "ಏನಿಲ್ಲ ಸಾರ್, ಇದೊಂದು ಡಿಸೈನು. ಈಗ ಎಲ್ಲಾ ಕಡೆ ಹೀಗೇ ನಡೀತಿದೆ. ಒಂದು ಕೈ ತಿಳಿ, ಒಂದು ಕೈ ಗಾಢ."

"ಡಿಸೈನೂ ಅಲ್ಲ, ಎಂಥದೂ ಅಲ್ಲ," ಎಂದಳು ಗುಂಡುಸೂಜಿ. ಬಾಯಲ್ಲಿದ್ದ ಸೂಜಿಗಳನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡಿದ್ದಳು. "ತಪ್ಪು. ಎಡತೋಳು ತಲೆಕೆಳಗಾಗಿ ಕತ್ತರಿಸಿದೀನಿ. ನಾಲ್ಕಲ್ಲ, ಇಪ್ಪತ್ತನಾಲ್ಕರಲ್ಲೂ ಹೀಗೇ ಇದೆ."

ಓನರು ಕಣ್ಣಲ್ಲೇ ಅವಳನ್ನು ಸುಡುವಂತೆ ನೋಡಿದರು. ಬ್ಯಾಂಡ್ ಮಾಸ್ಟರು ಕೋಟಿನ ತೋಳು ಸವರಿ, ಅವಳನ್ನೊಮ್ಮೆ, ಹಳೆಯ ಮಾಸ್ಟರನ್ನೊಮ್ಮೆ ನೋಡಿ ಹೇಳಿದರು: "ಇಲ್ಲಿ ಮಾಸ್ಟರು ಯಾರು ಅಂತಾನೇ ನಂಗೆ ಗೊತ್ತಾಗ್ತಿಲ್ಲ. ನಮ್ಮಲ್ಲಿ ಇಪ್ಪತ್ಮೂರು ಜನ ಊದ್ತಾರೆ, ಬಡೀತಾರೆ. ನಾನು ಊದೋದೂ ಇಲ್ಲ, ಬಡಿಯೋದೂ ಇಲ್ಲ. ಆದ್ರೆ ಎಲ್ಲೋ ಒಂದು ಅಪಸ್ವರ ಬಂತು ಅಂದ್ರೆ ಜನ ಅವರ ಮುಖ ನೋಡಲ್ಲ, ನನ್ನ ಮುಖ ನೋಡ್ತಾರೆ. ಅದಕ್ಕೇ ನಾನು ಮಾಸ್ಟರು."

"ಹಾಗಾದ್ರೆ ಈಗ ಎಲ್ರೂ ಯಾರ ಮುಖ ನೋಡ್ತಿದೀರಿ?" ಎಂದಳು ಅವಳು.

ನಾಲ್ಕು ಜನ ವಾದ್ಯದವರು, ಹನ್ನೆರಡು ಯಂತ್ರದವರು, ಓನರು, ಮಂಜುಗಣ್ಣಿನ ಹಳೆಯ ಮಾಸ್ಟರು, ಅಷ್ಟೂ ಜನ ನೋಡುತ್ತಿದ್ದದ್ದು ಅವಳ ಮುಖವನ್ನೇ.

"ಈ ಚೀಟಿ ನಂದು ಅಂದ್ರಿ, ಒಪ್ಕೊಂಡೆ. ಆ ಕಂಬೀಲಿರೋ ಉಳಿದ ಚೀಟಿಗಳೂ ನಂದೇ. ತಪ್ಪಿದಾಗ ನಾನು, ಸರಿಯಿದ್ದಾಗ ಬೇರೆಯವರು, ಹಾಗೆ ಆಗಲ್ಲ ಸಾರ್." ಓನರ ಕೈಯಿಂದ ಚೀಟಿ ತೆಗೆದುಕೊಂಡು, ಸೊನ್ನೆಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದಳು. ಪಕ್ಕದಲ್ಲಿ ಒಂದು ನೆಟ್ಟನೆಯ ಗೆರೆ, ಅದರ ತಲೆಯ ಮೇಲೊಂದು ಗುಂಡು ಚುಕ್ಕಿ ಬರೆದಳು. ಗುಂಡುಸೂಜಿ.

"ಬರೆದುಬಿಟ್ರೆ ತೋಳು ಸರಿಯಾಗುತ್ತಾ?" ಎಂದರು ಓನರು. "ತೋಳಿಗೆ ಬಟ್ಟೆ ಎಲ್ಲಿದೆ? ಉಳಿದಿರೋದು ಟೋಪಿಗೆ ಇಟ್ಟಿರೋದು ಮಾತ್ರ."

"ಟೋಪಿ ಬಟ್ಟೇಲಿ ತೋಳು ಬರುತ್ತೆ, ಇಂಚೂ ಬಿಡದೆ ಕತ್ತರಿಸಿದ್ರೆ. ಬಿಚ್ಚಿದ ತೋಳಲ್ಲಿ ಟೋಪಿ ಬರುತ್ತೆ. ಟೋಪಿಯ ತುಂಡು ಸಣ್ಣದು, ಕೂದಲು ಮಲಗಿದ ದಿಕ್ಕಿಗೇ ತಿರುಗಿಸಿ ಇಡಬಹುದು." ಬ್ಯಾಂಡ್ ಮಾಸ್ಟರ ಕಡೆ ತಿರುಗಿದಳು. "ಶನಿವಾರ ಸಂಜೆ ಬನ್ನಿ ಸಾರ್. ಬಿಸಿಲಿರುವಾಗಲೇ ಬನ್ನಿ."

ಬ್ಯಾಂಡ್ ಮಾಸ್ಟರು ಮೀಸೆ ಸವರಿಕೊಂಡು ಹೊರಟರು. ಓನರು ಗಾಜಿನ ಕೋಣೆಗೆ ಹೋಗುತ್ತ, "ಸೋಮವಾರ ಹೊಸಬರು ಬರೋದು ಬರೋದೇ," ಎಂದರು. ಅವಳು ಟೋಪಿಯ ಬಟ್ಟೆ ಬಿಚ್ಚಿ ಅಳತೆ ಹಿಡಿದಳು.

ಶುಕ್ರವಾರವಿಡೀ ಹೆಂಗಸರು ತೋಳು ಬಿಚ್ಚಿದರು. ಹೊಲಿಗೆ ಬಿಚ್ಚುವುದು ಎಂದರೆ ಟೈಲರಿಗೆ ಹಲ್ಲು ಕೀಳಿಸಿಕೊಂಡಷ್ಟು ಹಿಂಸೆ. ಆದರೂ ಯಾರೂ ಗೊಣಗಲಿಲ್ಲ. ಗುಂಡುಸೂಜಿ ಒಬ್ಬೊಬ್ಬರ ಹತ್ತಿರ ಹೋಗಿ, "ನನ್ನ ತಪ್ಪಿಗೆ ನಿಮಗೆ ಕಷ್ಟ," ಎಂದಿದ್ದಳು. ಅವಳ ಬಾಯಿಂದ ಅಂಥ ಮಾತು ಬಂದದ್ದು ಕಂಡು ಒಂಬತ್ತನೇ ಯಂತ್ರದವಳು, "ಅಕ್ಕ, ಮೈ ಹುಷಾರಾಗಿದೆ ತಾನೇ?" ಎಂದು ಹಣೆ ಮುಟ್ಟಿ ನೋಡಿದಳು.

ಹಳೆಯ ಮಾಸ್ಟರು ಬರುವುದಿಲ್ಲ ಅಂತಲೇ ಎಲ್ಲರೂ ತಿಳಿದಿದ್ದರು. ಹತ್ತು ಗಂಟೆಗೆ ಬಂದರು. ಯಾರನ್ನೂ ನೋಡದೆ ಹೋಗಿ ಮೇಜಿನ ಆ ಬದಿ ನಿಂತು, ಹಾಸಿದ ಮಖಮಲ್ಲಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದರು.

"ಈ ಕಡೆಗೆ ನುಣುಪು. ಕೆಳಮುಖ," ಎಂದರು. ಇನ್ನೊಮ್ಮೆ ಸವರಿ, "ಅವತ್ತು ಕೈ ಇಟ್ಟಿದ್ರೆ ನಂಗೆ ಗೊತ್ತಾಗ್ತಿತ್ತು. ಕಣ್ಣಿಲ್ದೇ ಇದ್ರೂ ಗೊತ್ತಾಗ್ತಿತ್ತು."

"ಯಾಕೆ ಇಡಲಿಲ್ಲ?"

"ನೀನು ಕರೀಲಿಲ್ಲ."

ಅದು ನಿಜ. ಅವಳಿಗೆ ನಿನ್ನೆಯ ಬೆರಳಿನ ಸಿಟ್ಟು ಇನ್ನೂ ಇತ್ತು, ಇವತ್ತಿನ ಅಂಗೈಯ ಮೇಲೆ ಮರುಕವೂ ಬಂತು. ಎರಡನ್ನೂ ಇಟ್ಟುಕೊಂಡೇ ಹೇಳಿದಳು: "ಈಗ ಕರೀತಿದೀನಿ ಮಾಸ್ಟರೇ. ಪ್ರತಿ ಪದರ ಸವರಿ ಹೇಳಿ. ಚೀಟಿ ಮೇಲೆ ಮಾತ್ರ ನನ್ನ ಗುರುತೇ ಇರುತ್ತೆ."

"ಇರ್ಲಿ," ಎಂದರು ಅವರು. "ನಂಗಂತೂ ಅದು ಕಾಣಲ್ಲ." ಆಮೇಲೆ ತಾವೇ ನಕ್ಕರು.

ಅವರು ಸವರಿ ಸರಿ ಎಂದಂತೆ ಅವಳು ಗೆರೆ ಎಳೆದಳು. ಆಮೇಲೆ ಕತ್ತರಿ ಓಡಿಸಿದಳು. ಇಪ್ಪತ್ತನಾಲ್ಕು ತೋಳುಗಳು ಬಂದ ಮೇಲೆ ಉಳಿದದ್ದು ಮುಷ್ಟಿಯಲ್ಲಿ ಹಿಡಿಯುವಷ್ಟು ಚೂರು. ಶನಿವಾರ ನಾಲ್ಕೂವರೆಗೆ ಇಪ್ಪತ್ತನಾಲ್ಕು ಜನರೂ ಬಂದು, ಕೋಟು ತೊಟ್ಟು, ಟೋಪಿ ಹಾಕಿಕೊಂಡು ಬಿಸಿಲಲ್ಲಿ ನಿಂತರು. ಒಂದೇ ಕೆಂಪು. ಬ್ಯಾಂಡ್ ಮಾಸ್ಟರು ಸಾಲಿನ ಈ ತುದಿಯಿಂದ ಆ ತುದಿಗೆ ನಡೆದರು, ಪ್ರತಿಯೊಬ್ಬನ ಎಡತೋಳು ಸವರಿದರು. ಕೊನೆಗೆ ಓನರ ಹತ್ತಿರ ಬಂದು, "ಇನ್ನು ಪ್ಯಾಂಟುಗಳೂ ಇಲ್ಲೇ. ಈಯಮ್ಮನೇ ಕತ್ತರಿಸ್ಬೇಕು. ಬೇರೆಯವರಾದ್ರೆ ಬೇಡ," ಎಂದು ಹೇಳಿ ಹೋದರು.

ಸೋಮವಾರ ಬೆಳಿಗ್ಗೆ ಗುಂಡುಸೂಜಿ ಎಲ್ಲರಿಗಿಂತ ಮೊದಲು ಬಂದಳು. ಏಳನೇ ಯಂತ್ರಕ್ಕೆ ಮುಸುಕು ಹಾಕಿತ್ತು. ಅದನ್ನು ತೆಗೆಯಲಿಲ್ಲ. ಪ್ಯಾಂಟಿನ ಬಟ್ಟೆ ಹಾಸಿ, ಬಾಯಲ್ಲಿ ಸೂಜಿ ಕಚ್ಚಿ, ಗೆರೆ ಎಳೆಯತೊಡಗಿದಳು. ಓನರು ಬಂದು ನೋಡಿದರು, ಕೋಣೆಗೆ ಹೋದರು. ಮೇಜು ಬಿಡು ಅಂದರೆ ಅಂಗಡಿಯನ್ನೇ ಬಿಟ್ಟು ಹೋಗುವುದು ಅಂತ ಅವಳಿಗೆ ರಾತ್ರಿಯೇ ನಿರ್ಧಾರವಾಗಿತ್ತು. ಹೋದ ಮೇಲೆ ಏನು ಎಂಬುದು ನಿರ್ಧಾರವಾಗಿರಲಿಲ್ಲ.

ಹತ್ತೂವರೆಗೆ ಇಸ್ತ್ರಿ ಮಾಡಿದ ಅಂಗಿಯ ಮನುಷ್ಯನೊಬ್ಬ, ಕುತ್ತಿಗೆಗೆ ಹೊಸ ಟೇಪು ಹಾಕಿಕೊಂಡು ಬಾಗಿಲಲ್ಲಿ ನಿಂತ. "ಕಟಿಂಗ್ ಮಾಸ್ಟರು ಬೇಕು ಅಂತ ಹೇಳಿ ಕಳಿಸಿದ್ರು. ಮೇಜು ಎಲ್ಲಿದೆ?"

ಯಂತ್ರಗಳೆಲ್ಲ ಒಂದರ ಹಿಂದೊಂದು ನಿಂತವು. ಅಷ್ಟೂ ಹೆಂಗಸರು ಗುಂಡುಸೂಜಿಯ ಮುಖ ನೋಡಿದರು. ಈ ಸಲ ತಪ್ಪೇನೂ ಆಗಿರಲಿಲ್ಲ. ಬಂದವನು ಅವರ ನೋಟ ಹೋದ ಕಡೆ ನೋಡಿ, ಅರ್ಥವಾಗದೆ, ಗಾಜಿನ ಕೋಣೆಯಿಂದ ಹೊರಗೆ ಬರುತ್ತಿದ್ದ ಓನರ ಕಡೆ ತಿರುಗಿದ.

ಓನರು ಕಂಬಿಯಲ್ಲಿದ್ದ ಮೇಲಿನ ಚೀಟಿ ನೋಡಿದರು, ಹಾಸಿದ ಪ್ಯಾಂಟಿನ ಬಟ್ಟೆ ನೋಡಿದರು, ಕುತ್ತಿಗೆ ತುರಿಸಿಕೊಂಡರು.

"ನನ್ನ ಮುಖ ಯಾಕೆ ನೋಡ್ತೀರಿ?" ಎಂದರು ಸಿಡುಕಿನಿಂದ. "ಮಾಸ್ಟರು ಅಲ್ಲಿದಾರೆ. ಅವರನ್ನ ಕೇಳಿ."

ಗುಂಡುಸೂಜಿ ಅವಸರ ಮಾಡಲಿಲ್ಲ. ಎಳೆಯುತ್ತಿದ್ದ ಗೆರೆಯನ್ನು ತುದಿಯವರೆಗೂ ಎಳೆದಳು. ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. ಆಮೇಲೆ ತಲೆಯೆತ್ತಿ ಬಂದವನನ್ನು ನೋಡಿದಳು.

"ಏಳನೇ ಯಂತ್ರ ಖಾಲಿಯಿದೆ," ಎಂದಳು. "ಹೊಲಿಯೋಕೆ ಬರುತ್ತಾ?"